ಮೊದಲ ಪುಟಕ್ಕಾಗಿ ನೆಟ್ಟ ಬಾವುಟ: ಇಮಿಯಾ–ಕಾರ್ಡಾಕ್, ಜನವರಿ 1996

1996ರ ಜನವರಿ 27, ಶನಿವಾರ. ಏಜಿಯನ್ ಸಮುದ್ರದ ನಡುವೆ, ಗಿಡಮರ ಕಾಣದ ಒಂದು ಬಂಡೆಯ ಮೇಲೆ ಬಾಡಿಗೆ ಹೆಲಿಕಾಪ್ಟರೊಂದು ಇಳಿಯಿತು. ಅದರಿಂದ ಕೆಳಗಿಳಿದವರು ಸೈನಿಕರಲ್ಲ, ಸರ್ಕಾರದ ಮಂದಿಯೂ ಅಲ್ಲ. ಟರ್ಕಿಯ 'ಹುರಿಯೆತ್' ಪತ್ರಿಕೆಯ ಇಜ್ಮಿರ್ ಕಚೇರಿಯವರು. ಎರಡು ದಿನದ ಹಿಂದೆ ಅಲ್ಲಿ ಯಾರೋ ನೆಟ್ಟುಹೋಗಿದ್ದ ಗ್ರೀಸಿನ ನೀಲಿ-ಬಿಳಿ ಬಾವುಟವನ್ನು ಇಳಿಸಿದರು, ತಾವು ತಂದಿದ್ದ ಕೆಂಪು ಬಾವುಟವನ್ನು ಏರಿಸಿದರು, ಚಿತ್ರ ತೆಗೆದರು, ಹೊರಟರು. ಭಾನುವಾರದ ಸಂಚಿಕೆಗೆ ಮುಖಪುಟ ಸಿದ್ಧವಾಯಿತು.

ಬುಧವಾರ ಬೆಳಗಾಗುವ ಹೊತ್ತಿಗೆ ಆ ಬಂಡೆಯ ಸುತ್ತ ಎರಡು ದೇಶಗಳ ಯುದ್ಧನೌಕೆಗಳು ಎದುರುಬದುರು ನಿಂತಿದ್ದವು. ಎರಡೂ ನ್ಯಾಟೊ ಸದಸ್ಯ ದೇಶಗಳೇ. ಅಮೆರಿಕದ ಅಧ್ಯಕ್ಷರು ಫೋನ್ ಹಿಡಿದು ಕೂತಿದ್ದರು. ಗ್ರೀಸಿನ ಮೂವರು ನೌಕಾ ಅಧಿಕಾರಿಗಳು ಸತ್ತಿದ್ದರು.

ದ್ವೀಪದ ಜಗಳಗಳಲ್ಲಿ ಪತ್ರಿಕೆಗಳು ಬೆಂಕಿಗೆ ತುಪ್ಪ ಸುರಿಯುತ್ತವೆ ಎಂಬುದು ಹಳೆಯ ದೂರು. ಬ್ರಿಟನ್ ಮತ್ತು ಅರ್ಜೆಂಟೀನಾ ನಡುವಿನ 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಲಂಡನ್ನಿನ ಟ್ಯಾಬ್ಲಾಯ್ಡ್‌ಗಳು ಮಾಡಿದ್ದು ಅದನ್ನೇ. ಆದರೆ ಅಲ್ಲಿ ಬೆಂಕಿ ಮೊದಲೇ ಹತ್ತಿತ್ತು. ಇಮಿಯಾ–ಕಾರ್ಡಾಕ್ ಪ್ರಕರಣದಲ್ಲಿ ವರದಿಗಾರನೇ ಬಂಡೆಯ ಮೇಲೆ ಇಳಿದು ಪಾತ್ರಧಾರಿಯಾದ. ಹಾಗಾಗಿಯೇ ಈ ನಾಲ್ಕಾರು ದಿನಗಳನ್ನು ಬಿಡಿಸಿ ನೋಡಬೇಕು ಅನ್ನಿಸಿತು.

ಬಂಡೆಗಳು

ಮೊದಲು ಹೆಸರಿನ ತಕರಾರು ಮುಗಿಸೋಣ. ಗ್ರೀಕರಿಗೆ ಇದು ಇಮಿಯಾ, ತುರ್ಕರಿಗೆ ಕಾರ್ಡಾಕ್. ಯಾವುದನ್ನು ಮೊದಲು ಬರೆದರೂ ಒಂದು ಕಡೆಯವರಿಗೆ ಸಿಟ್ಟು. ನಾನು ಕನ್ನಡ ಅಕ್ಷರಮಾಲೆಯ ಕ್ರಮ ಹಿಡಿದಿದ್ದೇನೆ. ಬೇರೆ ಅರ್ಥ ಕಟ್ಟಬೇಡಿ.

ಇರುವುದು ಎರಡು ನಡುಗಡ್ಡೆ, ನಡುವೆ ಸುಮಾರು 300 ಮೀಟರ್ ನೀರು. ಎರಡನ್ನೂ ಕೂಡಿಸಿದರೆ ಸುಮಾರು 4 ಹೆಕ್ಟೇರ್, ಅಂದರೆ ಹತ್ತು ಎಕರೆ. ವಾಸದ ಜನ ಇಲ್ಲ. ಕಾಲಿಮ್ನೋಸ್ ಕಡೆಯ ಮೇಕೆ ಸಾಕುವವರು ಆಡುಗಳನ್ನು ಮೇಯಲು ಬಿಡುತ್ತಿದ್ದದ್ದುಂಟು. ಆಮೇಲೆ ಆ ಆಡುಗಳೂ ಒಡೆತನದ ಸಾಕ್ಷಿಗಳಾದವು. ಗ್ರೀಸಿನ ಕಾಲಿಮ್ನೋಸ್ ದ್ವೀಪ ಅಲ್ಲಿಂದ ಸುಮಾರು 5.5 ನಾಟಿಕಲ್ ಮೈಲಿ, ಟರ್ಕಿಯ ಬೋಡ್ರುಮ್ ಪರ್ಯಾಯದ್ವೀಪದ ದಡ 3.8.

ಕಾನೂನಿನ ಕಥೆ ಉದ್ದ, ಇಲ್ಲಿ ಬೇಕಾದಷ್ಟೇ ಹೇಳುತ್ತೇನೆ. 1923ರ ಲೋಸಾನ್ ಒಪ್ಪಂದದಲ್ಲಿ, ಕಾಲಿಮ್ನೋಸ್ ಸೇರಿದ ದೋದೆಕನೀಸ್ ದ್ವೀಪಗಳೂ ಅವುಗಳಿಗೆ ಅಂಟಿಕೊಂಡ ನಡುಗಡ್ಡೆಗಳೂ ಇಟಲಿಯ ಪಾಲಾದವು. 1932ರಲ್ಲಿ ಇಟಲಿ ಮತ್ತು ಟರ್ಕಿ ಗಡಿ ಗುರುತು ಮಾಡಿಕೊಂಡವು. ಆ ವರ್ಷದ ಡಿಸೆಂಬರಿನ ದಾಖಲೆಯಲ್ಲಿ ಈ ಬಂಡೆಗಳ ಹೆಸರೂ ಇದೆ, ಅವು ಇಟಲಿಯ ಕಡೆಗೆ ಬೀಳುತ್ತವೆ. 1947ರ ಪ್ಯಾರಿಸ್ ಒಪ್ಪಂದದಲ್ಲಿ ಇಟಲಿ ದೋದೆಕನೀಸನ್ನು ಗ್ರೀಸಿಗೆ ಬಿಟ್ಟುಕೊಟ್ಟಿತು. ಹಾಗಾಗಿ ನಮ್ಮದು ಎನ್ನುತ್ತದೆ ಗ್ರೀಸ್. 1932ರ ಡಿಸೆಂಬರಿನ ಆ ಕಾಗದ ವಿಧಿವತ್ತಾಗಿ ಜಾರಿಗೇ ಬರಲಿಲ್ಲ, ಬಂಡೆಗಳು ಯಾರಿಗೂ ಹಸ್ತಾಂತರ ಆಗಿಲ್ಲ ಎನ್ನುತ್ತದೆ ಟರ್ಕಿ. ಇದು ವಕೀಲರು ಕೂತು ಎಳೆದಾಡಬೇಕಾದ ವಿಷಯ. ಒಂದು ತಿಂಗಳು ಹಾಗೇ ನಡೆಯಿತು ಕೂಡ.

ಕಡತದಲ್ಲಿದ್ದ ನಾಲ್ಕು ವಾರ

1995ರ ಡಿಸೆಂಬರ್ 25ರಂದು 'ಫಿಗೆನ್ ಅಕತ್' ಎಂಬ ಟರ್ಕಿಯ ಸರಕು ಹಡಗು ಈ ಬಂಡೆಗೆ ತಗುಲಿ ಕೂತುಬಿಟ್ಟಿತು. ಗ್ರೀಕರು ಸಹಾಯಕ್ಕೆ ಟಗ್ ದೋಣಿ ಕಳಿಸುತ್ತೇವೆ ಎಂದರು. ಕಪ್ತಾನ ಬೇಡವೆಂದ: ನಾನಿರುವುದು ಟರ್ಕಿಯ ನೀರಿನಲ್ಲಿ, ನಮ್ಮವರೇ ಬರಲಿ. ಕೊನೆಗೆ ಹಡಗನ್ನು ಎಳೆದು ಬಿಡಿಸಿದ್ದು ಗ್ರೀಕ್ ಟಗ್ಗೇ, ಒಯ್ದು ಮುಟ್ಟಿಸಿದ್ದು ಟರ್ಕಿಯ ಗುಲ್ಲುಕ್ ಬಂದರಿಗೆ. ಹಡಗಿನ ಕಥೆ ಅಲ್ಲಿಗೆ ಮುಗಿಯಿತು.

ಆದರೆ ಕಪ್ತಾನನ ಮಾತು ಕಾಗದಕ್ಕೆ ಇಳಿದಿತ್ತು. ಡಿಸೆಂಬರ್ 29ಕ್ಕೆ ಟರ್ಕಿಯ ವಿದೇಶಾಂಗ ಇಲಾಖೆ ಒಂದು ರಾಜತಾಂತ್ರಿಕ ಟಿಪ್ಪಣಿ ಕಳಿಸಿತು: ಕಾರ್ಡಾಕ್ ಬಂಡೆಗಳು ಮೂಲಾ ಪ್ರಾಂತ್ಯದ ಬೋಡ್ರುಮ್ ಭೂದಾಖಲೆಯಲ್ಲಿ ನಮೂದಾಗಿವೆ, ಅವು ನಮ್ಮವು. ಗ್ರೀಸ್ ಉತ್ತರ ಕೊಡಲು ಹತ್ತು ದಿನಕ್ಕೂ ಮಿಕ್ಕಿ ಹೊತ್ತು ತೆಗೆದುಕೊಂಡಿತು. ಈ ನಿಧಾನವನ್ನು ಗಮನಿಸಿ. ಎರಡು ಸರ್ಕಾರಗಳು ನೆಲದ ಒಡೆತನದಂಥ ದೊಡ್ಡ ವಿಷಯಕ್ಕೆ ಜಗಳ ಆಡುತ್ತಿವೆ, ಆದರೆ ಲಕೋಟೆಯಲ್ಲಿ. ಯಾರೂ ಕೂಗುತ್ತಿಲ್ಲ. ಏಕೆಂದರೆ ಯಾರೂ ನೋಡುತ್ತಿಲ್ಲ.

ಆ ಹೊತ್ತಿಗೆ ಎರಡೂ ರಾಜಧಾನಿಗಳಲ್ಲಿ ಕುರ್ಚಿ ಅಲುಗಾಡುತ್ತಿತ್ತು. ಅಥೆನ್ಸಿನಲ್ಲಿ ಪ್ರಧಾನಿ ಆಂದ್ರೆಯಾಸ್ ಪಪಾಂಡ್ರೂ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಜನವರಿ 15ಕ್ಕೆ ರಾಜೀನಾಮೆ ಕೊಟ್ಟರು, 18ಕ್ಕೆ ಪಕ್ಷ ಕೋಸ್ತಾಸ್ ಸಿಮಿಟಿಸ್ ಅವರನ್ನು ಆರಿಸಿತು. ಪಪಾಂಡ್ರೂ ಮಾತಿನ ಮಲ್ಲ. ಸಿಮಿಟಿಸ್ ಕಾನೂನು ಪ್ರಾಧ್ಯಾಪಕ, ಮೆದುಮಾತಿನವರು. ಅಂಕಾರದಲ್ಲಿ ಡಿಸೆಂಬರ್ 24ರ ಚುನಾವಣೆಯಲ್ಲಿ ಇಸ್ಲಾಂವಾದಿ ರೆಫಾಹ್ ಪಕ್ಷ ಮೊದಲ ಸ್ಥಾನಕ್ಕೆ ಬಂದು ಎಲ್ಲರ ಲೆಕ್ಕ ತಪ್ಪಿಸಿತ್ತು. ತಾನ್ಸು ಚಿಲ್ಲರ್ ಹಂಗಾಮಿ ಪ್ರಧಾನಿ. ಒಬ್ಬರಿಗೆ ಕುರ್ಚಿ ಹೊಸದು, ಇನ್ನೊಬ್ಬರದು ಕೈಜಾರುತ್ತಿದೆ. ತಾವು ಗಟ್ಟಿ ಎಂದು ತೋರಿಸುವ ಅಗತ್ಯ ಇಬ್ಬರಿಗೂ ಇತ್ತು.

ಮೇಯರ್, ಪಾದ್ರಿ, ಮತ್ತು ಶನಿವಾರದ ಹೆಲಿಕಾಪ್ಟರ್

ಜನವರಿ 20ರ ನಂತರ ಗ್ರೀಸಿನ 'ಗ್ರಾಮಿ' ಎಂಬ ನಿಯತಕಾಲಿಕದ ಮೂಲಕ ಟಿಪ್ಪಣಿಗಳ ಸಂಗತಿ ಹೊರಬಿತ್ತು. ಅದು ಎಲ್ಲರ ಮನೆಗೆ ಹೋಗುವ ಪತ್ರಿಕೆಯೇನಲ್ಲ. ಆದರೆ ಟಿವಿಯವರು ಓದುತ್ತಾರಲ್ಲ, ಅಷ್ಟು ಸಾಕು. ಗ್ರೀಸಿನಲ್ಲಿ ಖಾಸಗಿ ಟಿವಿ ಶುರುವಾದದ್ದು 1989ರ ಕೊನೆಯಲ್ಲಿ. ಆರು ವರ್ಷದಲ್ಲಿ ಸಂಜೆಯ ವಾರ್ತೆ ಎಂದರೆ ವಾಹಿನಿಗಳ ಕುಸ್ತಿ ಕಣ ಆಗಿತ್ತು. ಟರ್ಕಿಯಲ್ಲಿ ಸರ್ಕಾರಿ ಟಿವಿಯ ಏಕಸ್ವಾಮ್ಯ ಸಂವಿಧಾನ ತಿದ್ದಿ ಮುಗಿದದ್ದು 1993ರಲ್ಲಿ. ಎರಡೂ ಕಡೆ ವಾಹಿನಿಗಳು ಎಳಸು, ಹಸಿವು ದೊಡ್ಡದು. ಇದನ್ನು ಬಿಟ್ಟು ಈ ಪ್ರಕರಣವನ್ನು ಓದಿದರೆ ಅರ್ಧ ಕಥೆ ಕೈತಪ್ಪುತ್ತದೆ.

ಜನವರಿ 25ರಂದು ಕಾಲಿಮ್ನೋಸಿನ ಮೇಯರ್ ಒಬ್ಬ ಪಾದ್ರಿಯನ್ನೂ ಕೆಲವು ಊರವರನ್ನೂ ಕರೆದುಕೊಂಡು ದೋಣಿಯಲ್ಲಿ ಹೋಗಿ ಬಂಡೆಯ ಮೇಲೆ ಗ್ರೀಸಿನ ಬಾವುಟ ಹಾರಿಸಿಬಂದರು. ಅಥೆನ್ಸ್ ಕಳಿಸಿದ್ದಲ್ಲ, ಅವರೇ ಹೋದದ್ದು. ಸ್ಪಂಜು ತೆಗೆಯುವ ಮುಳುಗುಗಾರರಿಗೆ ಹೆಸರಾದ ದ್ವೀಪ ಅದು. ಆ ನೀರೆಲ್ಲ ತಮ್ಮ ಅಂಗಳ ಎಂದೇ ಅಲ್ಲಿಯವರ ಭಾವನೆ. ಆದರೂ ಅರವತ್ತು ವರ್ಷ ಬಾವುಟವಿಲ್ಲದೆ ಇದ್ದ ಬಂಡೆಗೆ ಆ ಗುರುವಾರವೇ ಬಾವುಟ ಬೇಕಾಯಿತಲ್ಲ, ಅದು ಸುದ್ದಿಯ ಕಾವಿನಿಂದ.

ಇನ್ನು ಹುರಿಯೆತ್. ಆಕಾರದಲ್ಲಿ ದೊಡ್ಡ ಪುಟದ ಪತ್ರಿಕೆ, ನಡೆಯಲ್ಲಿ ಅಪ್ಪಟ ಟ್ಯಾಬ್ಲಾಯ್ಡ್: ದಪ್ಪಕ್ಷರ, ಬಣ್ಣ, ಪುಟ ತುಂಬ ಚಿತ್ರ. ಹೆಸರಿನ ಪಕ್ಕದಲ್ಲೇ ಆಧುನಿಕ ಟರ್ಕಿಯ ಸ್ಥಾಪಕ ಅತಾತುರ್ಕ್ ಮುಖ, ಟರ್ಕಿಯ ಬಾವುಟ, 'ಟರ್ಕಿ ತುರ್ಕರದ್ದು' ಎಂಬ ಘೋಷವಾಕ್ಯ. ಅಂದರೆ ಆ ಪತ್ರಿಕೆಯ ಮುಖಪುಟದಲ್ಲಿ ದಿನವೂ ಒಂದು ಬಾವುಟ ಇದ್ದೇ ಇರುತ್ತಿತ್ತು. ಜನವರಿ 28ರಂದು ಎರಡಾದವು. 1994ರಿಂದ 2018ರವರೆಗೆ ಅದರ ಒಡೆಯ ಐದಿನ್ ದೋಆನ್. ಕನಾಲ್ ಡಿ ಟಿವಿಯೂ ಆಗ ಅದೇ ಬಳಗದ್ದು. ಚಿತ್ರ ಪತ್ರಿಕೆಯಲ್ಲಿ ಮಾತ್ರ ಉಳಿಯುವುದಿಲ್ಲ, ಟಿವಿಯಲ್ಲೂ ಸುತ್ತುತ್ತದೆ ಎಂಬುದು ಹೆಲಿಕಾಪ್ಟರ್ ಬಾಡಿಗೆಗೆ ಹಿಡಿದವರಿಗೆ ಗೊತ್ತಿತ್ತು.

ಆ ಚಿತ್ರದಲ್ಲಿ ಏನಿದೆ? ಕಲ್ಲು, ಆಕಾಶ, ಬಾವುಟ, ಅದನ್ನು ಹಿಡಿದ ಮನುಷ್ಯರು. ಕೈಯಲ್ಲಿ ಕೋವಿ ಇಲ್ಲ, ಮೈಮೇಲೆ ಸಮವಸ್ತ್ರ ಇಲ್ಲ, ಪಟ್ಟಣದ ಬಟ್ಟೆ. ಓದುಗನಿಗೆ ಹತ್ತಿರವಾಗುವುದು ಇದೇ: ಹೋಗಿದ್ದು ನಮ್ಮಂಥವರೇ, ಮಾಡಿದ್ದು ಎಷ್ಟು ಸುಲಭ! ಚಿತ್ರದಲ್ಲಿ ಇಲ್ಲದ್ದು 1932ರ ಕಾಗದ, ಬಂಡೆಗೆ ತಗುಲಿ ಕೂತ ಸರಕು ಹಡಗು, ಅದನ್ನು ಎಳೆದ ಗ್ರೀಕ್ ಟಗ್. ಬಾವುಟದ ಚಿತ್ರಕ್ಕೆ ಅಡಿಟಿಪ್ಪಣಿ ಹಾಕಲಾಗುವುದಿಲ್ಲ.

ಪತ್ರಕರ್ತರ ಪರವಾಗಿ ಹೇಳುವ ಮಾತೂ ಇದೆ. ಮೊದಲ ಬಾವುಟ ನೆಟ್ಟವರು ಅವರಲ್ಲ. ಇನ್ನೊಂದು ಪತ್ರಿಕೆ ಹೋಗುವ ಮೊದಲು ತಾವು ಹೋಗಬೇಕೆಂಬ ತುರ್ತು ಈ ಕಸುಬಿನಲ್ಲಿರುವ ಯಾರಿಗೂ ಅರ್ಥವಾಗುತ್ತದೆ. ಅಲ್ಲಿಗೆ ಹೋಗಿ, ಗ್ರೀಸಿನ ಬಾವುಟದ ಚಿತ್ರ ತೆಗೆದು, ವಾಪಸು ಬಂದಿದ್ದರೂ ಮುಖಪುಟದ ಸುದ್ದಿಯೇ ಆಗುತ್ತಿತ್ತು. ಅವರು ಚೀಲದಲ್ಲಿ ಬಾವುಟ ಇಟ್ಟುಕೊಂಡು ಹೊರಟಿದ್ದರು. ನನ್ನ ತಕರಾರು ಇರುವುದು ಆ ಚೀಲದ ಬಗ್ಗೆ. ಮನೆಯಿಂದ ಹೊರಡುವಾಗಲೇ ಸುದ್ದಿಯನ್ನು ಗಂಟುಕಟ್ಟಿಕೊಂಡು ಹೋಗುವುದು ವರದಿಗಾರಿಕೆ ಅಲ್ಲ.

ಬಾವುಟ ಇಳಿಸುವುದು ಯಾರು?

ಭಾನುವಾರ ಗ್ರೀಕ್ ನೌಕಾಪಡೆಯವರು ಬಂದು ಕೆಂಪು ಬಾವುಟ ತೆಗೆದು ತಮ್ಮದನ್ನು ಹಾಕಿದರು. ಅದನ್ನು ಕಾಯಲು ಕಮಾಂಡೊಗಳನ್ನು ಆ ನಡುಗಡ್ಡೆಗೆ ಇಳಿಸಿದರು. ನಾಲ್ಕು ದಿನದಲ್ಲಿ ಮೂರು ಬಾವುಟ. ಮೇಯರ್ ಹೋಗಿ ಪತ್ರಕರ್ತರು ಬಂದರು, ಪತ್ರಕರ್ತರು ಹೋಗಿ ಸೈನಿಕರು ಬಂದರು. ಒಂದು ಟಿಪ್ಪಣಿಗೆ ಹತ್ತು ದಿನ ತೆಗೆದುಕೊಂಡಿದ್ದ ಸರ್ಕಾರಗಳು ಈಗ ಮುಂದಿನ ವಾರ್ತೆಯೊಳಗೆ ಉತ್ತರ ಕೊಡಬೇಕಿತ್ತು.

ಚಿಲ್ಲರ್ ಕೊಟ್ಟ ಉತ್ತರ ಟರ್ಕಿಯಲ್ಲಿ ಇವತ್ತಿಗೂ ಜನರ ಬಾಯಲ್ಲಿದೆ: ಆ ಬಾವುಟ ಇಳಿಯುತ್ತದೆ, ಆ ಸೈನಿಕ ಹೋಗುತ್ತಾನೆ. ಟಿವಿಗೆ ಹೇಳಿಮಾಡಿಸಿದ ಮಾತು. ಹೇಳಿದ ಮೇಲೆ ಹಿಂದೆ ಬರಲು ದಾರಿ ಇಲ್ಲದ ಮಾತು ಕೂಡ.

ಜನವರಿ 30ರ ರಾತ್ರಿಗೆ ಮುಂಚೆ ಅಂಕಾರದಲ್ಲಿ ಕೂತವರ ಮುಂದಿದ್ದ ಪ್ರಶ್ನೆ ನೇರವಾದದ್ದು. ಗ್ರೀಕ್ ಕಮಾಂಡೊಗಳಿರುವ ನಡುಗಡ್ಡೆಗೆ ನುಗ್ಗಿದರೆ ಗುಂಡು ಹಾರುತ್ತದೆ, ಸುಮ್ಮನಿದ್ದರೆ ಮಾನ ಹೋಗುತ್ತದೆ. ಆಗ ವಿದೇಶಾಂಗ ಇಲಾಖೆಯ ಹಿರಿಯ ರಾಜತಾಂತ್ರಿಕ ಇನಾಲ್ ಬಟು ಹೇಳಿದರೆಂದು ಟರ್ಕಿಯಲ್ಲಿ ಎಲ್ಲರೂ ನೆನೆಯುವ ಸಲಹೆ: ಬಂಡೆ ಎರಡಿವೆಯಲ್ಲ, ಖಾಲಿ ಇರುವ ಇನ್ನೊಂದಕ್ಕೆ ಹೋಗೋಣ. 31ರ ಬೆಳಗಿನ ಜಾವ, ಸುಮಾರು 1.40ಕ್ಕೆ, ಟರ್ಕಿಯ ಕಮಾಂಡೊಗಳು ಕತ್ತಲಲ್ಲಿ ಪಶ್ಚಿಮದ ನಡುಗಡ್ಡೆ ಹತ್ತಿ ತಮ್ಮ ಬಾವುಟ ಏರಿಸಿದರು. ಗ್ರೀಕರಿಗೆ ತಿಳಿಯುವ ಹೊತ್ತಿಗೆ ನಾಲ್ಕು ಗಂಟೆ.

ಈ ಸಲಹೆಯನ್ನು ಸೈನಿಕ ಜಾಣತನ ಎಂದು ಹೊಗಳುವುದು ರೂಢಿ. ನನಗೆ ಇದು ಸಂಪಾದಕನ ಜಾಣತನದಂತೆ ಕಾಣುತ್ತದೆ. ಆ ಖಾಲಿ ಬಂಡೆಯಿಂದ ಯುದ್ಧದ ದೃಷ್ಟಿಯಲ್ಲಿ ಪ್ರಯೋಜನ ಏನೂ ಇರಲಿಲ್ಲ. ಸಿಕ್ಕಿದ್ದು ಒಂದು ಚಿತ್ರ: ನಮ್ಮ ಬಾವುಟವೂ ಅಲ್ಲಿದೆ. ಸಾವಿಲ್ಲದೆ ಮುಖಪುಟ ತುಂಬಿಸುವ ಉಪಾಯ ಅದು. ಚಿತ್ರದಿಂದ ಹುಟ್ಟಿದ ಬಿಕ್ಕಟ್ಟಿಗೆ ಚಿತ್ರದಲ್ಲೇ ಪರಿಹಾರ ಹುಡುಕಿದ್ದರು.

ಸಾವು ಮಾತ್ರ ಬೇರೆ ದಾರಿಯಲ್ಲಿ ಬಂತು. 5.30ರ ಸುಮಾರಿಗೆ 'ನವರಿನೋ' ಯುದ್ಧನೌಕೆಯಿಂದ ಮೇಲೆದ್ದ ಗ್ರೀಕ್ ಹೆಲಿಕಾಪ್ಟರ್ ಆ ಬಂಡೆಯನ್ನು ಪರೀಕ್ಷಿಸಲು ಹೋಗಿ, ಕೆಟ್ಟ ಹವೆಯಲ್ಲಿ ಸಮುದ್ರಕ್ಕೆ ಬಿತ್ತು. ಮೂವರೂ ಸತ್ತರು. ತುರ್ಕರು ಗುಂಡು ಹೊಡೆದರೆಂಬ ಅನುಮಾನ ಗ್ರೀಸಿನಲ್ಲಿ ಇನ್ನೂ ಹೋಗಿಲ್ಲ. ಅಧಿಕೃತ ಮಾತು ಅಪಘಾತ ಎಂದೇ. ಆ ರಾತ್ರಿಯ ಏಕೈಕ ನಿಜವಾದ ದುರಂತವನ್ನು ಮಾತ್ರ ಯಾರೂ ತಕ್ಷಣ ಕೂಗಿ ಹೇಳಲಿಲ್ಲ. ಬಾವುಟದ ಸುದ್ದಿ ನಿಮಿಷದಲ್ಲಿ ಹಬ್ಬಿತ್ತು. ಹೆಣದ ಸುದ್ದಿ ಹಬ್ಬಿದ್ದರೆ ಯುದ್ಧವೇ ಆಗಿಬಿಡಬಹುದೆಂದು ಸುಮ್ಮನಿದ್ದರು.

ಬೆಳಗಿನ ಹೊತ್ತಿಗೆ ವಾಷಿಂಗ್ಟನ್ನಿನ ಸಂಧಾನ ಫಲ ಕೊಟ್ಟಿತು. ಬಿಲ್ ಕ್ಲಿಂಟನ್ ಎರಡೂ ಕಡೆ ಫೋನ್ ಮಾಡಿದ್ದರು, ಅಮೆರಿಕದ ರಾಜತಾಂತ್ರಿಕ ರಿಚರ್ಡ್ ಹೋಲ್‌ಬ್ರೂಕ್ ರಾತ್ರಿಯಿಡೀ ಹಗ್ಗ ಜಗ್ಗಿದ್ದರು. ನಾವು ಫೋನಿನಲ್ಲಿದ್ದಾಗ ಯುರೋಪಿನವರು ಮಲಗಿದ್ದರು ಎಂಬ ಹೋಲ್‌ಬ್ರೂಕ್ ಅವರ ಕುಟುಕು ಆಮೇಲೆ ಪ್ರಸಿದ್ಧವಾಯಿತು. ಷರತ್ತು ಮೂರೇ: ಹಡಗು ಬೇಡ, ಸೈನ್ಯ ಬೇಡ, ಬಾವುಟ ಬೇಡ.

ಹಡಗು ತಿರುಗಿಸುವುದು ಸುಲಭ, ಆಜ್ಞೆ ಕೊಟ್ಟರಾಯಿತು. ಸೈನಿಕರನ್ನು ಕರೆಸುವುದೂ ಹಾಗೇ. ಅಥೆನ್ಸಿಗೆ ಗಂಟಲಲ್ಲಿ ಸಿಕ್ಕಿದ್ದು ಮೂರನೆಯದು. ತನ್ನ ನೌಕಾಪಡೆ ಏರಿಸಿದ ಬಾವುಟವನ್ನು ಸರ್ಕಾರವೇ ಇಳಿಸಬೇಕಿತ್ತು, ಅದೂ ಇಡೀ ದೇಶ ಟಿವಿ ಮುಂದೆ ಕೂತಿರುವಾಗ. ಬಾವುಟವನ್ನು ಗಾಳಿ ಹೊತ್ತುಕೊಂಡು ಹೋಯಿತು ಅಂದುಬಿಡೋಣ ಎಂದು ವಿದೇಶಾಂಗ ಸಚಿವ ಥಿಯೋದೊರೋಸ್ ಪಂಗಾಲೋಸ್ ಆ ರಾತ್ರಿಯ ಸಭೆಯಲ್ಲಿ ಅಂದರಂತೆ. ಈ ಮಾತು ಹೊರಬಿದ್ದು ಗ್ರೀಸಿನಲ್ಲಿ ವರ್ಷಗಟ್ಟಲೆ ಗೇಲಿಗೂ ಕೋಪಕ್ಕೂ ವಸ್ತುವಾಯಿತು. ನಗು ಬರುತ್ತದೆ, ನಿಜ. ಆದರೆ ಯೋಚಿಸಿದರೆ ಆ ಕೋಣೆಯಲ್ಲಿದ್ದವರ ಇಕ್ಕಟ್ಟನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಮಾತಿಲ್ಲ. ಕಡತದಲ್ಲಿದ್ದಾಗ ಒಂದು ಪದ ತಿದ್ದಿ ಹಿಂದೆ ಸರಿಯಬಹುದಿತ್ತು. ಚಿತ್ರವಾದ ಮೇಲೆ ಹಿಂದೆ ಸರಿಯಲು ಗಾಳಿಯ ಸಹಾಯ ಬೇಕಾಯಿತು.

ಬೈಗುಳ ಮತ್ತು ಮತ

ಸಂಸತ್ತಿನಲ್ಲಿ ಸಿಮಿಟಿಸ್ ಅಮೆರಿಕ ಸರ್ಕಾರಕ್ಕೆ ಧನ್ಯವಾದ ಹೇಳಿದಾಗ ಸಭೆ ಕುದಿಯಿತು. ದ್ರೋಹ, ಅವಮಾನ ಎಂಬ ಪದಗಳು ಹಾರಾಡಿದವು. ಯುದ್ಧ ತಪ್ಪಿಸಿದವರಿಗೆ ವಂದನೆ ಹೇಳುವುದು ಸೌಜನ್ಯ. ಟಿವಿಯಲ್ಲಿ ನಾಲ್ಕು ದಿನ ಬಾವುಟ ನೋಡಿ ಕೂತವರಿಗೆ ಅದು ಶರಣಾಗತಿಯಾಗಿ ಕೇಳಿಸಿತು. ಸೇನಾ ಮುಖ್ಯಸ್ಥ ಅಡ್ಮಿರಲ್ ಕ್ರಿಸ್ತೋಸ್ ಲಿಂಬೇರಿಸ್ ಹುದ್ದೆ ಕಳೆದುಕೊಂಡರು. ಆ ಕಡೆ ಟರ್ಕಿಯ ಪತ್ರಿಕೆಗಳಲ್ಲಿ ಗೆದ್ದ ಸಂಭ್ರಮ. ಷರತ್ತಿನ ಪ್ರಕಾರ ಅವರ ಬಾವುಟವೂ ಇಳಿದಿತ್ತು ಎಂಬುದು ಸಂಭ್ರಮಕ್ಕೆ ಅಡ್ಡಬರಲಿಲ್ಲ. ಒಂದೇ ಫಲಿತಾಂಶ, ಒಂದು ಕಡೆ ಸೋಲು, ಇನ್ನೊಂದು ಕಡೆ ಗೆಲುವು. ಬಂಡೆ ಮೊದಲಿದ್ದಂತೆಯೇ ಇತ್ತು.

ಆದರೆ ಈ ಕೂಗನ್ನು 'ಜನಾಭಿಪ್ರಾಯ' ಎಂದು ಬರೆದುಕೊಳ್ಳುವ ಮೊದಲು ಮುಂದಿನ ತಿಂಗಳುಗಳನ್ನೂ ನೋಡಬೇಕು. ದ್ರೋಹಿ ಎನ್ನಿಸಿಕೊಂಡ ಸಿಮಿಟಿಸ್ ಅದೇ ವರ್ಷ ಸೆಪ್ಟೆಂಬರಿನಲ್ಲಿ ಚುನಾವಣೆಗೆ ಹೋಗಿ ಗೆದ್ದರು, 2004ರವರೆಗೆ ಪ್ರಧಾನಿಯಾಗಿ ಉಳಿದರು. ಬಾವುಟ ಇಳಿಸುತ್ತೇನೆಂದು ಗುಡುಗಿದ ಚಿಲ್ಲರ್ ಮಾರ್ಚಿಗೇ ಪ್ರಧಾನಿ ಕುರ್ಚಿ ಬಿಟ್ಟರು. ಬೀದಿಯಲ್ಲಿ, ಸ್ಟುಡಿಯೋದಲ್ಲಿ ಕೂಗಿದವರು ಇದ್ದದ್ದು ಸುಳ್ಳಲ್ಲ. ಮತ ಹಾಕುವಾಗ ಆ ಕೂಗು ಲೆಕ್ಕಕ್ಕೆ ಬಂದಂತೆ ಕಾಣುವುದಿಲ್ಲ. ಜನ ಏನು ಕ್ಷಮಿಸಲಾರರು ಎಂದು ಆ ವಾರ ನಾಯಕರು ಅಂದಾಜು ಮಾಡಿದ್ದು ಪತ್ರಿಕೆ ನೋಡಿಕೊಂಡು. ಆ ಅಂದಾಜೇ ತಪ್ಪಾಗಿತ್ತೇನೋ.

ಎಲ್ಲವನ್ನೂ ಮಾಧ್ಯಮದ ತಲೆಗೆ ಕಟ್ಟುವುದಕ್ಕೂ ನನ್ನ ಒಪ್ಪಿಗೆ ಇಲ್ಲ. ಒಡೆತನ ಕೇಳಿದ ಟಿಪ್ಪಣಿ ಬರೆದದ್ದು ಇಲಾಖೆ, ಪತ್ರಿಕೆಯಲ್ಲ. ಅದಕ್ಕೂ ಆರು ತಿಂಗಳ ಹಿಂದೆ, 1995ರ ಜೂನಿನಲ್ಲಿ, ಗ್ರೀಸ್ ಏಜಿಯನ್‌ನಲ್ಲಿ ತನ್ನ ಜಲಗಡಿಯನ್ನು 6ರಿಂದ 12 ಮೈಲಿಗೆ ಹಿಗ್ಗಿಸಿದರೆ ಯುದ್ಧವೇ ಎಂಬರ್ಥದ ನಿರ್ಣಯವನ್ನು ಟರ್ಕಿಯ ಸಂಸತ್ತು ಮಾಡಿತ್ತು. ಹುಲ್ಲು ಒಣಗಿಯೇ ಇತ್ತು. ಇನ್ನು ಗೌಪ್ಯ ಟಿಪ್ಪಣಿಯ ಸಂಗತಿ ನಿಯತಕಾಲಿಕಕ್ಕೆ ತಾನಾಗಿ ನಡೆದುಕೊಂಡು ಹೋಗಿರಲಾರದು. ಯಾರಿಗೋ ಅದು ಹೊರಬರುವುದು ಬೇಕಿತ್ತು. ಹುರಿಯೆತ್ ಮಾಡಿದ್ದು ಜಗಳ ಹುಟ್ಟಿಸಿದ್ದಲ್ಲ. ಜಗಳದಿಂದ ಎದ್ದುಹೋಗುವ ಬಾಗಿಲಿಗೆ ಬೀಗ ಹಾಕಿದ್ದು.

ಅದೇ ಮುದ್ರಣ ಯಂತ್ರಗಳು

ಮೂರೂವರೆ ವರ್ಷದ ಮೇಲೆ, 1999ರ ಆಗಸ್ಟ್ 17ರಂದು, ಇಜ್ಮಿತ್ ಭೂಕಂಪ ಸಾವಿರಾರು ಜನರನ್ನು ಕೊಂದಿತು. ಗ್ರೀಸಿನ ರಕ್ಷಣಾ ತಂಡ ಬೇಗನೆ ಬಂದಿಳಿಯಿತು. ಅವಶೇಷದಡಿಯಿಂದ ಮಕ್ಕಳನ್ನು ಎತ್ತುವ ಗ್ರೀಕರ ಚಿತ್ರ ಟರ್ಕಿಯ ಪತ್ರಿಕೆಗಳಲ್ಲಿ ಬಂತು. 'ತುಂಬ ಧನ್ಯವಾದ ಗೆಳೆಯ' ಎಂದು ಗ್ರೀಕ್ ಮಾತಿನಲ್ಲೇ ತಲೆಬರಹ ಕೊಟ್ಟರು. ಮೂರು ವಾರ ಕಳೆದು ಸೆಪ್ಟೆಂಬರ್ 7ರಂದು ಅಥೆನ್ಸ್ ನಡುಗಿದಾಗ ಟರ್ಕಿಯ 'ಅಕುತ್' ರಕ್ಷಣಾ ತಂಡ ಅಲ್ಲಿಗೆ ಹೋಯಿತು. ಕಾರ್ಡಾಕ್ ಮುಖಪುಟದ ಕಾಲದಲ್ಲಿ ಹುರಿಯೆತ್ ಸಂಪಾದಕರಾಗಿದ್ದ ಎರ್ತುರುಲ್ ಓಜ್‌ಕೋಕ್ ಆಗಲೂ ಅದೇ ಕುರ್ಚಿಯಲ್ಲಿದ್ದರು. ಓದುಗರೂ ಅವರೇ. ಬದಲಾಗಿದ್ದು ಚಿತ್ರ.

ಇದನ್ನು ಸುಖಾಂತ್ಯ ಎನ್ನಲು ಮನಸ್ಸಾಗುತ್ತದೆ, ಆದರೆ ಬಂಡೆಗಳ ವಿವಾದ ಒಂದಿಂಚೂ ಕದಲಿಲ್ಲ. 2017ರ ಜನವರಿ ಕೊನೆಯಲ್ಲಿ ಟರ್ಕಿಯ ಸೇನಾ ಮುಖ್ಯಸ್ಥ ಹುಲುಸಿ ಅಕರ್ ನೌಕೆಯಲ್ಲಿ ಬಂದು ಬಂಡೆಗಳ ಹತ್ತಿರ ಸುತ್ತಿ ಹೋದರು. ಕೆಲವೇ ದಿನದಲ್ಲಿ ಗ್ರೀಸಿನ ರಕ್ಷಣಾ ಸಚಿವ ಪಾನೋಸ್ ಕಮೆನೋಸ್ ಹೆಲಿಕಾಪ್ಟರಿನಲ್ಲಿ ಬಂದು, ಆ ಮೂವರು ಅಧಿಕಾರಿಗಳ ನೆನಪಿಗೆ ಸಮುದ್ರಕ್ಕೆ ಹೂವಿನ ಮಾಲೆ ಎಸೆದರು. 2018ರ ಫೆಬ್ರವರಿಯಲ್ಲಿ ಎರಡು ದೇಶಗಳ ಕರಾವಳಿ ಕಾವಲು ಹಡಗುಗಳು ಅಲ್ಲೇ ಒಂದಕ್ಕೊಂದು ತಗುಲಿದವು. ಯಾರು ಯಾರಿಗೆ ಗುದ್ದಿದರು ಎಂಬುದಕ್ಕೆ ಅಥೆನ್ಸಿನಲ್ಲಿ ಒಂದು ಉತ್ತರ, ಅಂಕಾರದಲ್ಲಿ ಇನ್ನೊಂದು. ಎರಡು ನಡುಗಡ್ಡೆಗಳ ಮೇಲೂ ಬಾವುಟ ಇರಲಿಲ್ಲ.